ಡ್ಯಾಮಿನ ಸೈರನ್ ಸ್ವಿಚ್ ಯಾರ ಕೈಯಲ್ಲಿರುತ್ತೆ?

ತುಂಗಭದ್ರಾ ಮಂಡಳಿಗೆ, ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ, ಹಾಗೂ ವಿಜಯನಗರ, ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲಾಡಳಿತಗಳಿಗೆ,

ನಮಸ್ಕಾರ.

2024ರ ಆಗಸ್ಟ್ 10ರ ರಾತ್ರಿ ಹನ್ನೊಂದರ ಹೊತ್ತಿಗೆ ತುಂಗಭದ್ರಾ (ಟಿಬಿ) ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಡ್ಯಾಮ್ ತುಂಬಿ ನಿಂತಿತ್ತು. ಆ ಒಂದೇ ಕಿಂಡಿಯಿಂದ ಸುಮಾರು 35 ಸಾವಿರ ಕ್ಯೂಸೆಕ್ ನೀರು ನುಗ್ಗಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ಹೊಳೆಗೆ ಬಿಟ್ಟ ನೀರು ಒಂದು ಲಕ್ಷ ಕ್ಯೂಸೆಕ್ ಆಸುಪಾಸು ಮುಟ್ಟಿತು. ಮುಂದಿನದು ಎಲ್ಲರಿಗೂ ಗೊತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಕಿಂಡಿ ಮುಚ್ಚುವ ತಾತ್ಕಾಲಿಕ ಉಕ್ಕಿನ ತಡೆಗಳನ್ನು ಇಳಿಸಿದರು. ವಾರದೊಳಗೆ ಕಿಂಡಿ ಮುಚ್ಚಿತು. ಪ್ರಾಣ ಪಣಕ್ಕಿಟ್ಟು ಅಲ್ಲಿ ಕೆಲಸ ಮಾಡಿದವರಿಗೆ ಎಷ್ಟು ಕೈಮುಗಿದರೂ ಕಡಿಮೆಯೇ.

ಆಮೇಲೆ ಚರ್ಚೆಯಾದದ್ದು ಗೇಟಿನ ಬಗ್ಗೆ. ಎಷ್ಟು ಟಿಎಂಸಿ ಹೋಯಿತು, ಎರಡನೇ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ, 33 ಗೇಟನ್ನೂ ಬದಲಿಸಬೇಕೋ. ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಹೊಳೆ ಕೆಳಗೆ ಇರುವ ನಮ್ಮದು ಇನ್ನೊಂದು ಪ್ರಶ್ನೆ ಇದೆ. ಅವತ್ತು ಒಂದು ಗೇಟಿನ ಬದಲು ನಾಲ್ಕೈದು ಹೋಗಿದ್ದರೆ, ಆನೆಗೊಂದಿಯಲ್ಲಿ ಮಲಗಿದ್ದವರನ್ನು ಯಾವ ಸದ್ದು ಎಬ್ಬಿಸುತ್ತಿತ್ತು?

35 ಸಾವಿರ ಕ್ಯೂಸೆಕ್ ನಮಗೆ ಹೊಸದೇನಲ್ಲ. ಮಳೆಗಾಲದಲ್ಲಿ ಹೊಳೆ ಅದರ ಎಷ್ಟೋ ಪಟ್ಟು ನೀರು ಹೊತ್ತು ಹೋಗುತ್ತದೆ. ಪುರಂದರ ಮಂಟಪ ಮುಳುಗುವುದು, ಕಂಪ್ಲಿ ಸೇತುವೆ ಬಂದ್ ಆಗುವುದು ನಮಗೆ ರೂಢಿಯಾಗಿದೆ. ಆ ರಾತ್ರಿ ನಾವು ಬಚಾವಾಗಿದ್ದು ನೀರು ಅಷ್ಟಕ್ಕೇ ನಿಂತಿದ್ದರಿಂದ. ಅದನ್ನು ವ್ಯವಸ್ಥೆಯ ಗೆಲುವು ಅಂತ ಲೆಕ್ಕಕ್ಕೆ ಬರೆದುಕೊಳ್ಳಬೇಡಿ.

ಈಗ ನಮಗೆ ಎಚ್ಚರಿಕೆ ಬರುವ ದಾರಿ ನಾಲ್ಕಾರು ಇವೆ. ‘ನದಿಪಾತ್ರದ ಜನ ಸುರಕ್ಷಿತ ಸ್ಥಳಕ್ಕೆ ತೆರಳಬೇಕು’ ಎಂಬ ಪ್ರಕಟಣೆ ಪೇಪರಿನಲ್ಲಿ ಬರುತ್ತದೆ. ಊರಿನಲ್ಲಿ ಡಂಗುರ ಸಾರಿಸುತ್ತಾರೆ. ಆಟೋಕ್ಕೆ ಮೈಕ್ ಕಟ್ಟಿ ಓಡಾಡಿಸುತ್ತಾರೆ. ವಾಟ್ಸಾಪಿನಲ್ಲಿ ಈ ವರ್ಷದ ವಿಡಿಯೊ, ಹೋದ ವರ್ಷದ ವಿಡಿಯೊ ಎಲ್ಲ ಕಲಸಿಕೊಂಡು ಬರುತ್ತವೆ. ಹೊಳೆ ನಿಧಾನಕ್ಕೆ ಏರುವಾಗ ಇಷ್ಟು ಸಾಕು. ಮಲೆನಾಡಿನಲ್ಲಿ ಮಳೆ ಜೋರಾದರೆ ಇಲ್ಲಿಗೆ ನೀರು ಬರುವುದು ಮೊದಲೇ ಗೊತ್ತಾಗುತ್ತದೆ. ಪಂಪ್‌ಸೆಟ್ ಎತ್ತಿಡಬಹುದು, ಕುರಿ ಹೊಡೆದುಕೊಂಡು ಮೇಲೆ ಬರಬಹುದು. ರಾತ್ರಿ ಹನ್ನೊಂದಕ್ಕೆ ಚೈನ್ ತುಂಡಾದರೆ ಆಟೋ ಡ್ರೈವರನ್ನು ಯಾರು ಎಬ್ಬಿಸಬೇಕು? ಮೈಕ್ ಯಾರ ಮನೆಯಲ್ಲಿದೆ?

ಮೊಬೈಲ್ ಇದೆಯಲ್ಲ ಎನ್ನುತ್ತೀರಿ. ಇದೆ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ತುರ್ತು ಸಂದೇಶದ ಪರೀಕ್ಷೆ ಮಾಡಿದಾಗ ಫೋನುಗಳು ಒಮ್ಮೆಲೇ ಚೀರಿದ್ದು ನೆನಪಿರಬೇಕು. ಒಳ್ಳೆಯ ಏರ್ಪಾಡು. ನಂಬರ್ ಬೇಕಿಲ್ಲ, ಆ ಟವರ್ ವ್ಯಾಪ್ತಿಯಲ್ಲಿದ್ದರೆ ಸಾಕು. ಅದು ಬೇಡ ಎಂದು ಯಾರೂ ಹೇಳುವುದಿಲ್ಲ. ಆದರೆ ಹರಿಗೋಲಿನಲ್ಲಿ ಮೀನು ಹಿಡಿಯುವವನು ಫೋನನ್ನು ದಂಡೆಯಲ್ಲಿ ಬಿಟ್ಟಿರುತ್ತಾನೆ. ನಡುಗಡ್ಡೆಯಲ್ಲಿ ಕುರಿ ಕಾಯುವವನ ಫೋನಿಗೆ ಚಾರ್ಜ್ ಇರುವುದಿಲ್ಲ. ಕರೆಂಟ್ ಹೋಗಿ ಸ್ವಲ್ಪ ಹೊತ್ತಾದರೆ ಟವರೂ ಕೈಕೊಡಬಹುದು. ಬಯಲಲ್ಲಿ ಇರುವವರಿಗೆ, ಕೈಯಲ್ಲಿ ಏನೂ ಇಲ್ಲದವರಿಗೆ ತಲುಪಬೇಕಾದರೆ ಸೈರನ್ನೇ ಬೇಕು.

ಹಾಗಂತ ಡ್ಯಾಮಿನ ಮೇಲೊಂದು ಸೈರನ್ ಇಟ್ಟು ಕೈತೊಳೆದುಕೊಂಡರೆ ಆಗದು. ಅದು ಎಷ್ಟು ದೂರ ಕೇಳುತ್ತದೆ ಎಂಬುದಕ್ಕೆ ಲೆಕ್ಕ ಇದೆ. ಸದ್ದಿನ ಜೋರನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. 30 ಮೀಟರ್ ದೂರದಲ್ಲಿ ನಿಂತರೆ 120 ಡೆಸಿಬೆಲ್ ಇರುವ ಒಂದು ದೊಡ್ಡ ಸೈರನ್ ತೆಗೆದುಕೊಳ್ಳಿ. ಮನೆ, ಮರ, ದಿಬ್ಬ ಇರುವ ಕಡೆ ದೂರ ಎರಡು ಪಟ್ಟಾದಾಗಲೆಲ್ಲ ಸುಮಾರು 10 ಡೆಸಿಬೆಲ್ ಇಳಿಯುತ್ತದೆ ಎಂದು ಸೈರನ್ ಯೋಜನೆ ಮಾಡುವವರು ಹಿಡಿಯುತ್ತಾರೆ. 60 ಮೀಟರಿಗೆ 110, 120 ಮೀಟರಿಗೆ 100. ಹೀಗೇ ಇಳಿಯುತ್ತಾ ಒಂದು ಕಿಲೋಮೀಟರ್ ಹತ್ತಿರ ಬಂದಾಗ ಉಳಿಯುವುದು 70. ಪಕ್ಕದಲ್ಲಿ ಟ್ರ್ಯಾಕ್ಟರ್ ಓಡುತ್ತಿದ್ದರೆ ಅದೂ ಮುಚ್ಚಿಹೋಗುತ್ತದೆ. ಅಂದರೆ ಒಂದು ಕಂಬಕ್ಕೆ ಒಂದು ಕಿಲೋಮೀಟರ್, ಅಷ್ಟೇ.

ಇದು ಹೊರಗೆ ನಿಂತವರ ಲೆಕ್ಕ. ಬಾಗಿಲು ಹಾಕಿ ಮಲಗಿದವರಿಗೆ ಇನ್ನೂ ಕಡಿಮೆ. ತಗಡಿನ ಮೇಲೆ ಮಳೆ ಬೀಳುತ್ತಿದ್ದರೆ ಕೇಳುವುದು ಮಳೆ ಮಾತ್ರ. ಗಾಳಿ ಎದುರು ಬೀಸಿದರೆ ಸದ್ದು ಮೇಲಕ್ಕೆ ಬಾಗಿ ತಲೆ ಮೇಲೆ ಹಾದುಹೋಗುತ್ತದೆ. ಬಿಸಿಲಿನ ಮಧ್ಯಾಹ್ನವೂ ಹಾಗೇ. ತಂಪಾದ ರಾತ್ರಿಯಲ್ಲಿ ಸದ್ದು ನೆಲ ಹಿಡಿದು ಜಾಸ್ತಿ ದೂರ ಹೋಗುತ್ತದೆ. ಹಂಪಿ, ಸಾಣಾಪುರದ ಕಡೆಯಂತೂ ಹೆಜ್ಜೆಗೊಂದು ಬಂಡೆ ಗುಡ್ಡ. ಗುಡ್ಡದ ಈಚೆ ಕಿವಿಗಡಚಿಕ್ಕುವ ಸೈರನ್ ಆಚೆ ಕಡೆ ಕೇಳದೇ ಇರಬಹುದು. ನಕ್ಷೆ ಮೇಲೆ ಕಂಪಾಸ್ ಇಟ್ಟು ವೃತ್ತ ಎಳೆದು ಕಂಬ ನೆಟ್ಟರೆ ನಮ್ಮ ಸೀಮೆಯಲ್ಲಿ ನಡೆಯುವುದಿಲ್ಲ. ಸದ್ದು ಹಾಕಿ, ಊರೂರಿಗೆ ಹೋಗಿ, ಕೇಳಿಸಿತಾ ಅಂತ ಕೇಳಿಯೇ ಜಾಗ ಗೊತ್ತು ಮಾಡಬೇಕು.

2025ರ ಮೇ 7ರಂದು ದೇಶದಾದ್ಯಂತ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ಆಯಿತಲ್ಲ, ಆಗ ಬೆಂಗಳೂರಿನಲ್ಲಿ ಎಷ್ಟೋ ಜನ ‘ಸೈರನ್ ಕೇಳಿಸಲೇ ಇಲ್ಲ’ ಎಂದರು. ಇದು ನಗೆಪಾಟಲಿನ ವಿಷಯವಲ್ಲ. ಅಣಕು ಮಾಡುವುದೇ ಇಂಥದ್ದು ಬಯಲಾಗಲಿ ಎಂದು. ಅಣಕು ನಡೆಯಬೇಕಿದ್ದ ಊರುಗಳ ಪಟ್ಟಿಯಲ್ಲಿ ರಾಯಚೂರೂ ಇತ್ತು. ಅಲ್ಲಿ ಯಾವ ಓಣಿಗೆ ಕೇಳಿತು, ಯಾವುದಕ್ಕೆ ಕೇಳಲಿಲ್ಲ ಎಂದು ಯಾರಾದರೂ ಬರೆದಿಟ್ಟಿದ್ದರೆ ದಯವಿಟ್ಟು ಹೊರಗೆ ಹಾಕಿ.

ಇನ್ನು ಕರೆಂಟ್. ಹಳೆಯ ಮಾದರಿ ಸೈರನ್‌ನಲ್ಲಿ ಮೋಟರಿಗೆ ಜೋಡಿಸಿದ ಚಕ್ರ ತಿರುಗುತ್ತಾ ಗಾಳಿಯನ್ನು ಬಿಟ್ಟು ಬಿಟ್ಟು ತುಂಡರಿಸುತ್ತದೆ. ಆ ಊಳು ಹುಟ್ಟುವುದು ಹಾಗೆ. ವೇಗ ಏರಿದರೆ ದನಿ ಏರುತ್ತದೆ, ಇಳಿದರೆ ಇಳಿಯುತ್ತದೆ. ಮೋಟರ್ ಅಂದಮೇಲೆ ಲೈನ್ ಬೇಕು. ಪ್ರವಾಹ ಬಂದಾಗ ಮೊದಲು ಹೋಗುವುದೇ ಲೈನ್. ಹೊಸ ಎಲೆಕ್ಟ್ರಾನಿಕ್ ಸೈರನ್‌ಗಳಿಗೆ ಬ್ಯಾಟರಿ, ಸೋಲಾರ್ ಹಾಕಬಹುದು. ಅವು ಮಾತನ್ನೂ ಆಡಬಲ್ಲವು. ಇದು ನಮಗೆ ತುಂಬಾ ಬೇಕಾದದ್ದು. ಗಂಗಾವತಿ, ಸಿಂಧನೂರು ಕಡೆಯ ಕ್ಯಾಂಪುಗಳಲ್ಲಿ ಮನೆಮಾತು ತೆಲುಗು. ಕೂಲಿಗೆ ದೂರದಿಂದ ಬಂದವರಿಗೆ ಹಿಂದಿ ಬಿಟ್ಟರೆ ಬೇರೆ ತಿಳಿಯದೇ ಇರಬಹುದು. ಹಂಪಿಯಲ್ಲಿ ಪರದೇಶದವರು. 2019ರ ಆಗಸ್ಟಿನಲ್ಲಿ ವಿರೂಪಾಪುರ ಗಡ್ಡೆಯಲ್ಲಿ ಪ್ರವಾಸಿಗರು ಸಿಕ್ಕಿಬಿದ್ದು ಹೆಲಿಕಾಪ್ಟರ್ ತರಿಸಬೇಕಾಯಿತು. ಅವರಲ್ಲಿ ಎಷ್ಟು ಜನಕ್ಕೆ ನಮ್ಮ ಡಂಗುರ ಅರ್ಥವಾಗುತ್ತಿತ್ತು ಹೇಳಿ?

ಕಂಬ, ಬ್ಯಾಟರಿ, ಡೆಸಿಬೆಲ್ ಎಲ್ಲ ದುಡ್ಡಿನಿಂದ ಆಗುವ ಕೆಲಸ. ಟೆಂಡರ್ ಕರೆದರೆ ಬರುತ್ತವೆ. ನನ್ನ ನಿಜವಾದ ಭಯ ಸ್ವಿಚ್ಚಿನ ಬಗ್ಗೆ.

ಭೋಪಾಲ ನೋಡಿ. 1984ರ ಡಿಸೆಂಬರ್ 2–3ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಸೈರನ್ ಇತ್ತು. ಕೂಗಿತು ಕೂಡ. ಆದರೆ ಊರಿಗೆ ಕೇಳುವ ಜೋರು ಸೈರನ್ನನ್ನು ಕೆಲವೇ ನಿಮಿಷದಲ್ಲಿ ನಿಲ್ಲಿಸಿದರು. ಒಳಗಿನ ಕೆಲಸಗಾರರಿಗೆ ಕೇಳುವ ಸಣ್ಣದು ಮಾತ್ರ ನಡೆಯುತ್ತಿತ್ತು. ಸುತ್ತಲಿನ ಜನ ಸುಮ್ನೆ ಗಾಬರಿಯಾಗಬಾರದು ಎಂಬ ಪದ್ಧತಿ ಅಲ್ಲಿತ್ತಂತೆ. ಊರಿಗೆ ಮತ್ತೆ ಜೋರಾಗಿ ಕೂಗಿದ್ದು ರಾತ್ರಿ ಎರಡು ಗಂಟೆ ದಾಟಿದ ಮೇಲೆ. ಅಷ್ಟೊತ್ತಿಗೆ ಗ್ಯಾಸೇ ಜನರನ್ನು ಎಬ್ಬಿಸಿತ್ತು.

ಹಳೇ ಕಥೆ ಅನ್ನಬೇಡಿ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಎಂಬ ವಿಷಾನಿಲ ಸೋರಿ 12 ಜನ ಸತ್ತರು. ಆಂಧ್ರ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ಹೇಳಿದ್ದೇನು? ಸೈರನ್ ಒತ್ತುವ ಜಾಗಗಳು ಕಾರ್ಖಾನೆಯ ಗೇಟಿನಲ್ಲೂ ಇದ್ದವು, ಒಟ್ಟು 36 ಕಡೆ ಇದ್ದವು. ಯಾರೂ ಒತ್ತಲಿಲ್ಲ.

2023ರ ಆಗಸ್ಟ್ 8ರಂದು ಹವಾಯಿಯ ಲಹೈನಾ ಊರು ಸುಟ್ಟುಹೋಯಿತು. ಆ ಮಾವಿ ದ್ವೀಪದಲ್ಲಿ ಸುಮಾರು 80 ಸೈರನ್‌ಗಳಿದ್ದವು. ಪ್ರತಿ ತಿಂಗಳೂ ಪರೀಕ್ಷೆಯಾಗುತ್ತಿದ್ದವು. ಬೆಂಕಿ ಬಂದ ದಿನ ಒಂದೂ ಕೂಗಲಿಲ್ಲ. ನೂರಕ್ಕೂ ಹೆಚ್ಚು ಜನ ಹೋದರು. ತುರ್ತು ನಿರ್ವಹಣೆಯ ಮುಖ್ಯಸ್ಥರು ಕೊಟ್ಟ ಕಾರಣ ವಿಚಿತ್ರ ಅನ್ನಿಸಿದರೂ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಅಲ್ಲಿ ಸೈರನ್ ಅಂದರೆ ಸುನಾಮಿ. ಸುನಾಮಿ ಅಂದರೆ ಗುಡ್ಡದ ಕಡೆ ಓಡು. ಅವತ್ತು ಬೆಂಕಿ ಇದ್ದದ್ದೇ ಗುಡ್ಡದ ಕಡೆ. ಈ ವಿವರಣೆ ಕೊಟ್ಟ ಮರುದಿನವೇ ಅವರು ರಾಜೀನಾಮೆ ಕೊಟ್ಟರು. ನಾನಂತೂ ಆ ಒಬ್ಬರನ್ನೇ ದೂರುವುದಿಲ್ಲ. ಒಂದೇ ಸದ್ದಿಗೆ ಒಂದೇ ಅರ್ಥ ಕಲಿಸಿಟ್ಟು, ಅದು ಬೇರೆ ಅಪಾಯಕ್ಕೂ ಒದಗಲಿ ಎಂದು ಕಾಯುತ್ತಾ ಕೂತ ಇಡೀ ವ್ಯವಸ್ಥೆಯ ತಪ್ಪು ಅದು.

ನಮ್ಮಲ್ಲೂ ಅದೇ ಗೊಂದಲ ಕಾದಿದೆ. ನಾಗರಿಕ ರಕ್ಷಣೆಯ ನಿಯಮದಲ್ಲಿ ಏರಿಳಿಯುವ ಸೈರನ್ ಅಂದರೆ ದಾಳಿಯ ಅಪಾಯ, ಒಳಗೆ ಹೋಗಿ ಅಡಗಿಕೊಳ್ಳಿ. ಒಂದೇ ಸಮನೆ ಕೂಗಿದರೆ ಅಪಾಯ ಕಳೆಯಿತು. 2025ರ ಮೇ 7ರ ಅಣಕಿನ ದಿನ ಟಿವಿಗಳು ಇದನ್ನೇ ದಿನವಿಡೀ ಹೇಳಿಕೊಟ್ಟವು. ಈಗ ಡ್ಯಾಮಿನ ಸೈರನ್ ಒಂದೇ ಸಮನೆ ಕೂಗಿದರೆ? ಟಿವಿ ನೋಡಿ ಕಲಿತವನು ‘ಅಬ್ಬಾ, ಮುಗೀತು’ ಎಂದು ಮಗ್ಗುಲು ಬದಲಿಸುತ್ತಾನೆ. ಏರಿಳಿದು ಕೂಗಿದರೆ ಮನೆಯೊಳಗೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾನೆ. ಹೊಳೆ ಬರುವಾಗ ಎರಡೂ ತಪ್ಪೇ ಅಲ್ವಾ? ಸಾಲದ್ದಕ್ಕೆ ಎಷ್ಟೋ ಊರುಗಳಲ್ಲಿ ಟೈಮ್ ಹೇಳಲು ಪುರಸಭೆಯ ಸೈರನ್ ಕೂಗುವ ರೂಢಿ ಇದೆ. ಜನವರಿ 30ರಂದು ಬೆಳಿಗ್ಗೆ 11ಕ್ಕೆ ಹುತಾತ್ಮರ ದಿನದ ಸೈರನ್ ಬೇರೆ.

ಸ್ವಿಟ್ಜರ್ಲೆಂಡಿನವರು ಇದನ್ನು ಸರಳವಾಗಿ ಬಿಡಿಸಿಕೊಂಡಿದ್ದಾರೆ. ಅಲ್ಲಿ ಸಾಮಾನ್ಯ ಅಪಾಯಕ್ಕೆ ಏರಿಳಿಯುವ ಸೈರನ್. ಡ್ಯಾಮಿನ ಕೆಳಗಿನ ಊರುಗಳಿಗೆ ಮಾತ್ರ ಬೇರೆಯೇ ಒಂದು ನೀರಿನ ಸೈರನ್: ತಗ್ಗಿದ ದನಿಯ ಕೂಗು, 20 ಸೆಕೆಂಡಿನದು, ನಡುವೆ 10 ಸೆಕೆಂಡು ಬಿಟ್ಟು ಬಿಟ್ಟು ಹನ್ನೆರಡು ಸಲ. ಅದು ಕೇಳಿದರೆ ಯೋಚನೆಯಿಲ್ಲ, ಜಾಗ ಖಾಲಿ ಮಾಡುವುದೇ. ಪ್ರತಿ ವರ್ಷ ಫೆಬ್ರವರಿಯ ಮೊದಲ ಬುಧವಾರ ದೇಶವಿಡೀ ಪರೀಕ್ಷೆ. ನೆದರ್ಲೆಂಡ್ಸ್‌ನಲ್ಲಿ ತಿಂಗಳ ಮೊದಲ ಸೋಮವಾರ ಮಧ್ಯಾಹ್ನ, ಫ್ರಾನ್ಸಿನಲ್ಲಿ ತಿಂಗಳ ಮೊದಲ ಬುಧವಾರ ಮಧ್ಯಾಹ್ನ. ಇಂಥ ಪರೀಕ್ಷೆಯಿಂದ ಎರಡು ಕೆಲಸವಾಗುತ್ತದೆ. ಸತ್ತ ಬ್ಯಾಟರಿ ಗೊತ್ತಾಗುತ್ತದೆ. ಸದ್ದಿನ ಅರ್ಥ ಮಕ್ಕಳಿಗೂ ಬಾಯಿಪಾಠವಾಗುತ್ತದೆ.

ನಮ್ಮ ಟಿಬಿ ಡ್ಯಾಮಿಗೆ ಸ್ವಿಚ್ ಪ್ರಶ್ನೆ ಇನ್ನೂ ಸಿಕ್ಕು. ಡ್ಯಾಮ್ ನೋಡಿಕೊಳ್ಳುವುದು ಮಂಡಳಿ. ನೀರು ಮೂರು ರಾಜ್ಯಗಳದ್ದು. ಕೆಳಗಿನ ಜನ ನಾಲ್ಕು ಜಿಲ್ಲೆಗಳಿಗೆ ಹಂಚಿದ್ದಾರೆ, ಮುಂದೆ ಹೊಳೆ ಕರ್ನೂಲಿನ ಕಡೆ ಹೋಗುತ್ತದೆ. ಗೇಟು ಮುರಿದದ್ದನ್ನು ಕಣ್ಣಾರೆ ಕಂಡ ಪಾಳಿಯ ಎಂಜಿನಿಯರ್ ಮೇಲಿನವರಿಗೆ ಫೋನ್ ಮಾಡಿ, ಅವರು ಜಿಲ್ಲಾಧಿಕಾರಿಗೆ ಹೇಳಿ, ಅವರು ತಹಶೀಲ್ದಾರರಿಗೆ, ಅಲ್ಲಿಂದ ಪಿಡಿಒಗೆ, ಪಿಡಿಒ ಆಟೋದವನಿಗೆ. ಇದರಲ್ಲಿ ಯಾರೊಬ್ಬರು ಫೋನ್ ಎತ್ತದಿದ್ದರೂ ಸರಪಳಿ ತುಂಡು. 19ನೇ ಗೇಟಿನದ್ದೂ ಹಾಗೇ ಆಗಿದ್ದು.

ಆದ್ದರಿಂದ ಕೇಳುತ್ತೇನೆ. ಗೇಟು ಕೈತಪ್ಪಿದರೆ, ಇಲ್ಲವೇ ಹೊರಹರಿವು ಒಮ್ಮೆಲೇ ಏರುವಂತಾದರೆ, ಸ್ಥಳದಲ್ಲಿರುವ ಪಾಳಿಯ ಎಂಜಿನಿಯರ್ ಯಾರ ಅಪ್ಪಣೆಗೂ ಕಾಯದೆ ಸೈರನ್ ಒತ್ತಬಹುದು ಎಂದು ಬರೆದು ಕೊಡಿ. ಒತ್ತಿದ ಮೇಲೆ ಅಪಾಯ ಅಷ್ಟೇನೂ ಇರಲಿಲ್ಲ ಎಂದು ಗೊತ್ತಾದರೆ ಅವರಿಗೆ ನೋಟಿಸ್ ಕೊಡುವುದಿಲ್ಲ ಎಂದೂ ಬರೆಯಿರಿ. ಈ ಎರಡನೇ ಸಾಲು ಇಲ್ಲದಿದ್ದರೆ ಮೊದಲನೆಯದಕ್ಕೆ ಬೆಲೆಯಿಲ್ಲ. ನೋಟಿಸಿನ ಭಯ ಇರುವ ಕೈ ಸ್ವಿಚ್ಚಿನ ಹತ್ತಿರ ಹೋಗುವುದಿಲ್ಲ.

ಜನ ಗಾಬರಿಯಾಗುತ್ತಾರೆ ಎಂಬ ಮಾತು ಬಂದೇ ಬರುತ್ತದೆ. ಆಗಲಿ ಬಿಡಿ. 2014ರ ಜೂನ್ 8ರಂದು ಹಿಮಾಚಲದ ಲಾರ್ಜಿ ಡ್ಯಾಮಿನಿಂದ ಬಿಟ್ಟ ನೀರಿಗೆ ಬಿಯಾಸ್ ನದಿಯಲ್ಲಿ ಫೋಟೊ ತೆಗೆಯುತ್ತಿದ್ದ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಎಚ್ಚರಿಕೆ ಕೇಳಲೇ ಇಲ್ಲ ಎಂದರು ಉಳಿದವರು. ಆ ಹುಡುಗರು ಗಾಬರಿಯಾಗಿ ದಂಡೆ ಕಡೆ ಓಡಿದ್ದರೆ ಯಾರಿಗೆ ನಷ್ಟವಿತ್ತು?

ರೇಡಿಯೊ ಮೂಲಕ ಸೈರನ್ ನಡೆಸುವುದಾದರೆ ಬೀಗವೂ ಗಟ್ಟಿಯಿರಲಿ. 2017ರ ಏಪ್ರಿಲ್ 7ರ ರಾತ್ರಿ ಅಮೆರಿಕದ ಡಲ್ಲಾಸ್‌ನಲ್ಲಿ ಯಾರೋ ಕಿಡಿಗೇಡಿ 156 ಸೈರನ್‌ಗಳನ್ನು ಒಟ್ಟಿಗೆ ಕೂಗಿಸಿ ಇಡೀ ಊರನ್ನು ಎಬ್ಬಿಸಿ ಕೂರಿಸಿದ್ದ. ಅಂಥದ್ದು ಎರಡು ಸಲ ಆದರೆ ಮೂರನೇ ಸಲ ಯಾರೂ ಏಳುವುದಿಲ್ಲ.

ಇದೆಲ್ಲ ನನ್ನ ಬಯಕೆಯ ಪಟ್ಟಿ ಅಂದುಕೊಳ್ಳಬೇಡಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯೇ ಹೇಳುತ್ತದೆ: ಡ್ಯಾಮಿನ ಒಡೆತನ ಇರುವವರು ಕೆಳಗಿನ ಪ್ರದೇಶಕ್ಕೆ ತುರ್ತು ಪ್ರವಾಹ ಎಚ್ಚರಿಕೆ ವ್ಯವಸ್ಥೆ ಮಾಡಬೇಕು, ಅದನ್ನು ಆಗಾಗ ಪರೀಕ್ಷಿಸಬೇಕು, ಮಾಹಿತಿಯನ್ನು ಜನರ ಮುಂದಿಡಬೇಕು. ಈಗಾಗಲೇ ಇರುವ ಡ್ಯಾಮುಗಳಿಗೆ ತುರ್ತು ಕ್ರಿಯಾ ಯೋಜನೆ ಸಿದ್ಧಪಡಿಸಲು ಐದು ವರ್ಷ ಕೊಟ್ಟಿದೆ. ಕಾಯ್ದೆ ಜಾರಿಯಾದದ್ದು 2021ರ ಡಿಸೆಂಬರ್ 30ಕ್ಕೆ. ಗಡುವಿನ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಬರುತ್ತದೆ. ಆ ಯೋಜನೆ ಇಂಗ್ಲಿಷಿನ ದಪ್ಪ ಪುಸ್ತಕವಾಗಿ ಕಪಾಟಿನಲ್ಲಿ ಕೂರಬಾರದು. ಪ್ರತಿ ಪಂಚಾಯಿತಿಯ ಗೋಡೆ ಮೇಲೆ ಕನ್ನಡ, ತೆಲುಗಿನಲ್ಲಿ ಒಂದು ಹಾಳೆ ಸಾಕು: ಸೈರನ್ ಎಲ್ಲಿದೆ, ಹೇಗೆ ಕೂಗುತ್ತದೆ, ಕೂಗಿದರೆ ಯಾವ ದಾರಿಯಲ್ಲಿ ಎಲ್ಲಿಗೆ ಹೋಗಬೇಕು. ಆನೆಗೊಂದಿಯವರಿಗೆ ಗುಡ್ಡವಿದೆ, ಹತ್ತುತ್ತಾರೆ. ಸಿರುಗುಪ್ಪ, ಸಿಂಧನೂರಿನ ಎರೆಹೊಲದಲ್ಲಿ ಎತ್ತರವೇ ಇಲ್ಲ. ಅಲ್ಲಿನವರಿಗೆ ‘ಮೇಲೆ ಹೋಗಿ’ ಎಂದರೆ ಎಲ್ಲಿಗೆ? ಅವರಿಗೆ ಬೇರೆ ದಾರಿ ಬರೆಯಬೇಕು, ಮುಂಚೆಯೇ ಹೊರಡಿಸಬೇಕು.

ದುಡ್ಡಿಲ್ಲ ಎನ್ನುವ ಮೊದಲು ಟೆಕ್ಸಾಸಿನ ಒಂದು ಹೊಳೆ ನೋಡಿ. 2025ರ ಜುಲೈ 4ರ ನಸುಕಿನಲ್ಲಿ ಗ್ವಾಡಲೂಪ್ ನದಿ ಉಕ್ಕಿ ಕೆರ್ ಕೌಂಟಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಸೈರನ್ ಹಾಕುವ ಮಾತು ಅಲ್ಲಿ ವರ್ಷಗಟ್ಟಲೆ ನಡೆದು ಖರ್ಚಿನ ನೆಪದಲ್ಲಿ ನಿಂತಿತ್ತು. ಅದೇ ಹೊಳೆಯ ಕೆಳಗೆ ಕಂಫರ್ಟ್ ಎಂಬ ಚಿಕ್ಕ ಊರು. ಅಲ್ಲಿನ ಸ್ವಯಂಸೇವಕ ಅಗ್ನಿಶಾಮಕ ದಳದವರು ಹಣ ಹೊಂದಿಸಿ ಹೊಸ ಸೈರನ್ ತಂದಿದ್ದರು, ಹಳೆಯದನ್ನೂ ಬೇರೆ ಜಾಗದಲ್ಲಿ ನಿಲ್ಲಿಸಿದ್ದರು. ಅವತ್ತು ಅವು ಕೂಗಿದವು. ಆ ಊರಿನಲ್ಲಿ ಸಾವು ವರದಿಯಾಗಲಿಲ್ಲ. ಆ ಊರಿಗೆ ನೀರು ಸ್ವಲ್ಪ ತಡವಾಗಿ ಬಂತು, ಅದೂ ಕಾರಣವಿರಬಹುದು. ಆದರೆ ಸಿಕ್ಕ ಹೊತ್ತನ್ನು ಅವರು ಬಳಸಿಕೊಂಡರು. ನಮ್ಮ ಕಂಪ್ಲಿ, ಚಿಕ್ಕಜಂತಕಲ್, ಸಿರುಗುಪ್ಪಕ್ಕೂ ಡ್ಯಾಮಿನಿಂದ ನೀರು ಬರಲು ಹೊತ್ತು ಹಿಡಿಯುತ್ತದೆ. ಆ ಹೊತ್ತು ಫೋನಿನ ಸರಪಳಿಯಲ್ಲೇ ಕಳೆದುಹೋಗಬಾರದು.

ದೊಡ್ಡ ಸೈರನ್ ಬರುವ ತನಕ ಪ್ರತಿ ಪಂಚಾಯಿತಿಗೆ ಕೈಯಿಂದ ತಿರುಗಿಸುವ ಒಂದು ಸೈರನ್ ಕೊಡಿ. ಕರೆಂಟ್ ಬೇಡ, ಬ್ಯಾಟರಿ ಬೇಡ. ಗುಡಿ, ಮಸೀದಿ, ಚರ್ಚಿನ ಮೈಕ್ ಇರುವವರನ್ನೂ ಕೂರಿಸಿ ಮಾತಾಡಿ. ಊರಿನಲ್ಲಿ ಇವತ್ತಿಗೂ ಎಲ್ಲರಿಗಿಂತ ಜೋರು ಸದ್ದು ಅವರದ್ದೇ.

ಕೊನೆಗೆ ಒಂದು ಮಾತು ನಮ್ಮವರಿಗೆ. ನೀರು ಬಿಟ್ಟರು ಅಂದ ಕೂಡಲೇ ನಾವು ಮಾಡುವ ಮೊದಲ ಕೆಲಸ ಸೇತುವೆಗೆ ಹೋಗಿ ನೋಡುವುದು. ಮಕ್ಕಳನ್ನೂ ಬೈಕಿನ ಮುಂದೆ ಕೂರಿಸಿಕೊಂಡು ಹೋಗುತ್ತೇವೆ. ಇದು ನಮ್ಮ ಊರಿನ ರೋಗ ಮಾತ್ರ ಅಲ್ಲ. 2011ರಲ್ಲಿ ಅಮೆರಿಕದ ಜಾಪ್ಲಿನ್‌ಗೆ ಸುಂಟರಗಾಳಿ ಬಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಸೈರನ್ ಮೊದಲೇ ಕೂಗಿತ್ತು. ಕೇಳಿದವರಲ್ಲಿ ಅನೇಕರು ನಿಜವಾ ಅಂತ ಬೇರೆ ಕಡೆಯಿಂದ ಖಾತ್ರಿ ಮಾಡಿಕೊಳ್ಳಲು ನಿಂತರು ಎಂದು ಆಮೇಲಿನ ತನಿಖೆ ಹೇಳಿತು. ನಾಳೆ ಇಲ್ಲಿ ಸೈರನ್ ಬಂದು, ಅದು ಕೂಗಿದಾಗ ಅರ್ಧ ಊರು ಮೊಬೈಲ್ ಹಿಡಿದು ಹೊಳೆ ಕಡೆಗೇ ನಡೆದರೆ ಇಷ್ಟೆಲ್ಲ ಬರೆದದ್ದು ದಂಡ. ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಇದನ್ನೂ ಎತ್ತಿ: ನಮ್ಮ ಊರಿಗೆ ಸೈರನ್ ಎಲ್ಲಿ, ಓಡುವ ದಾರಿ ಯಾವುದು?

ಅಧಿಕಾರಿಗಳೇ, ಮಳೆಗಾಲಕ್ಕೆ ಮುಂಚೆ, ಮೇ ತಿಂಗಳೊಳಗೆ ನಮಗೆ ಮೂರು ಉತ್ತರ ಬೇಕು. ಡ್ಯಾಮಿನ ಕೆಳಗೆ ಕೆಲಸ ಮಾಡುವ ಸೈರನ್‌ಗಳು ಎಷ್ಟು, ಎಲ್ಲೆಲ್ಲಿ? ನೀರಿನ ಅಪಾಯಕ್ಕೆ ಯಾವ ಸದ್ದು? ರಾತ್ರಿ ಪಾಳಿಯಲ್ಲಿ ಅದನ್ನು ಒತ್ತುವ ಅಧಿಕಾರ ಯಾವ ಹುದ್ದೆಯವರಿಗೆ? ಮೂರನ್ನೂ ಒಂದೇ ಪುಟದಲ್ಲಿ ಬರೆದು ಪಂಚಾಯಿತಿಗಳಿಗೆ ಕಳಿಸಿ. ಅದನ್ನು ಗೋಡೆಗೆ ಅಂಟಿಸುವ ಕೆಲಸ ನಮಗೆ ಬಿಡಿ.

ಇತಿ,
ಹೊಳೆದಂಡೆಯ ಒಬ್ಬ ನಿವಾಸಿ